ಉಪವಾಸವೂ ವೈಯಾವೃತ್ಯವೂ: ದಾನಚಿಂತಾಮಣಿ ಅತ್ತಿಮಬ್ಬೆಯ ಜೀವನ

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಕೊನೆಯ ನಾಲ್ಕು ಶಿಕ್ಷಾವ್ರತಗಳು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇವುಗಳಿಗೆ ಕೊಟ್ಟಿರುವ ಕ್ರಮವು ವಿಚಾರಯೋಗ್ಯವಾದುದು. ಮೊದಲು ದೇಶಾವಕಾಶಿಕ, ಅನಂತರ ಸಾಮಾಯಿಕ, ಮೂರನೆಯದಾಗಿ ಪ್ರೋಷಧೋಪವಾಸ, ಕಟ್ಟಕಡೆಗೆ ವೈಯಾವೃತ್ಯ. ಅಷ್ಟಮಿ ಚತುರ್ದಶಿಗಳಂದು ಆಹಾರವನ್ನು ತೊರೆದು ತನ್ನನ್ನು ತಾನು ಹದಗೊಳಿಸಿಕೊಳ್ಳುವುದು ಪ್ರೋಷಧೋಪವಾಸ. ಸಂಯಮಿಗಳ ಬಳಲಿಕೆಯನ್ನು ನೀಗಿ, ಆಹಾರ, ಔಷಧ, ಉಪಕರಣ, ಆವಾಸಗಳಿಂದ ಅವರನ್ನು ಉಪಚರಿಸುವುದು ವೈಯಾವೃತ್ಯ. ಉಪವಾಸದ ಮುಂದಿನ ಮೆಟ್ಟಿಲು ಪರೋಪಚಾರವೆಂಬುದು ಈ ಕ್ರಮದಿಂದಲೇ ವೇದ್ಯವಾಗುತ್ತದೆ. ಸಾವಿರ ವರ್ಷಗಳ ಹಿಂದೆ ತನ್ನ ಬಾಳನ್ನು ಈ ಕ್ರಮದಲ್ಲಿಯೇ ನಡೆಸಿ, ಅದರಿಂದಲೇ ತನ್ನ ದುಃಖಕ್ಕೊಂದು ದಾರಿಯನ್ನು ಕಂಡುಕೊಂಡ ಮಹಾಶ್ರಾವಕಿ ಅತ್ತಿಮಬ್ಬೆ.

ಆಕೆ ಹುಟ್ಟಿದ ಮನೆತನವು ಶಸ್ತ್ರ ಮತ್ತು ಶಾಸ್ತ್ರ ಎರಡಕ್ಕೂ ಹೆಸರಾಗಿತ್ತು. ವೆಂಗಿ ಮಂಡಲದ ಕಮ್ಮೆನಾಡಿನ ಪುಂಗನೂರಿನ ನಾಗಮಯ್ಯನು ಕೌಂಡಿನ್ಯಗೋತ್ರದ ಬ್ರಾಹ್ಮಣನಾಗಿದ್ದು ಜಿನಧರ್ಮವನ್ನು ಅವಲಂಬಿಸಿದವನು. ಅವನ ಮಕ್ಕಳು ಮಲ್ಲಪಯ್ಯ ಮತ್ತು ಪುನ್ನಮಯ್ಯ ಎಂಬ ವೀರ ಸೋದರರು. ತಮ್ಮ ಗುರು ಜಿನಚಂದ್ರದೇವರು ಸ್ವರ್ಗಸ್ಥರಾದಾಗ ಅವರ ನೆನಪಿಗಾಗಿ ಈ ಸೋದರರು ಪೊನ್ನಕವಿಯಿಂದ ಹದಿನಾರನೆಯ ತೀರ್ಥಂಕರರ ಚರಿತೆಯಾದ ಶಾಂತಿಪುರಾಣವನ್ನು ಬರೆಯಿಸಿದರು. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನಿಂದ ಉಭಯಕವಿಚಕ್ರವರ್ತಿ ಎಂಬ ಬಿರುದನ್ನು ಪಡೆದ ಪೊನ್ನನು ಕನ್ನಡದ ರತ್ನತ್ರಯರಲ್ಲಿ ಒಬ್ಬನು. ಅಗಲಿದವರಿಗಾಗಿ ಶೋಕಿಸುವುದಷ್ಟೇ ಅಲ್ಲ, ಅವರ ಹೆಸರಿನಲ್ಲಿ ಇತರರಿಗೆ ಉಪಯೋಗವಾಗುವ ಒಂದು ಕಾರ್ಯವನ್ನು ಮಾಡಬೇಕೆಂಬ ಸಂಸ್ಕಾರವು ಆ ಮನೆಯಲ್ಲಿ ಮೊದಲಿನಿಂದಲೂ ಇತ್ತು. ಕಾಲಾಂತರದಲ್ಲಿ ಪುನ್ನಮಯ್ಯನು ಕಾವೇರಿಯ ತೀರದಲ್ಲಿ ನಡೆದ ಯುದ್ಧದಲ್ಲಿ ಮಡಿದನು.

ಮಲ್ಲಪಯ್ಯನಿಗೂ ಅಪ್ಪಕಬ್ಬೆಗೂ ಹುಟ್ಟಿದ ಹೆಣ್ಣುಮಕ್ಕಳಲ್ಲಿ ಅತ್ತಿಮಬ್ಬೆ ಹಿರಿಯಳು, ಗುಂಡಮಬ್ಬೆ ಆಕೆಯ ತಂಗಿ. 973ರಲ್ಲಿ ರಾಷ್ಟ್ರಕೂಟರ ಆಳಿಕೆಯನ್ನು ಕೊನೆಗಾಣಿಸಿ ಕಲ್ಯಾಣ ಚಾಲುಕ್ಯರ ರಾಜ್ಯವನ್ನು ನೆಲೆಗೊಳಿಸಿದ ಇಮ್ಮಡಿ ತೈಲಪನ ಬಳಿ ದಲ್ಲಪನು ಮಹಾಮಂತ್ರಿಯಾಗಿದ್ದನು. ಅವನ ಮಗನಾದ ದಂಡನಾಯಕ ನಾಗದೇವನನ್ನು ಈ ಅಕ್ಕತಂಗಿಯರಿಬ್ಬರೂ ವರಿಸಿದರು. ಅತ್ತಿಮಬ್ಬೆಗೆ ಒಬ್ಬ ಮಗನು ಹುಟ್ಟಿದನು. ಅಣ್ಣಿಗದೇವನೆಂದೂ ಹೆಸರುಳ್ಳ ಇವನೇ ಮುಂದೆ ಪಡೆವಳ ತೈಲನೆಂದು ಪ್ರಸಿದ್ಧನಾದನು.

ಅಕಾಲದಲ್ಲಿ ನಾಗದೇವನು ತೀರಿಕೊಂಡನು. ಒಂದೇ ಮನೆಯಲ್ಲಿ ಹುಟ್ಟಿ ಒಂದೇ ಮನೆಯನ್ನು ಸೇರಿದ ಅಕ್ಕತಂಗಿಯರಿಗೆ ಒಂದೇ ದಿನ ವೈಧವ್ಯವು ಪ್ರಾಪ್ತವಾಯಿತು. ಗುಂಡಮಬ್ಬೆಯು ಗಂಡನೊಡನೆ ಸಹಗಮನ ಮಾಡಿದಳು. ಅತ್ತಿಮಬ್ಬೆಯು ಉಳಿದಳು.

ಆಕೆ ಉಳಿದುದು ಸುಲಭವಾದ ದಾರಿಯಾಗಿರಲಿಲ್ಲ. ವೀರಪತ್ನಿಯರ ಸಹಗಮನವನ್ನು ಕಲ್ಲಿನಲ್ಲಿ ಕೆತ್ತಿಸಿ ಕೊಂಡಾಡುತ್ತಿದ್ದ ಕಾಲವದು. ಚಿತೆಯೇರಿದ ತಂಗಿಗೆ ಲೋಕದ ಮನ್ನಣೆ ತಾನಾಗಿಯೇ ದೊರೆಯುತ್ತಿತ್ತು. ಉಳಿದ ಅಕ್ಕನು ಉಳಿದುದು ಏತಕ್ಕೆಂಬುದನ್ನು ತನ್ನ ಬದುಕಿನಿಂದಲೇ ತೋರಿಸಬೇಕಾಗಿತ್ತು. ಒಂದೇ ಸಾವಿನಲ್ಲಿ ಗಂಡನನ್ನೂ ಒಡಹುಟ್ಟಿದವಳನ್ನೂ ಕಳೆದುಕೊಂಡವಳಿಗೆ ಇದು ಸಾಮಾನ್ಯವಾದ ಭಾರವಲ್ಲ. ಆದರೆ ಆಕೆ ಆಶ್ರಯಿಸಿದ ಧರ್ಮದಲ್ಲಿ ಈ ಪ್ರಶ್ನೆಗೆ ಉತ್ತರವಿತ್ತು. ನದಿ ಸಮುದ್ರಗಳಲ್ಲಿ ಮೀಯುವುದು, ಮರಳು ಕಲ್ಲುಗಳ ರಾಶಿಯೊಡ್ಡುವುದು, ಬೆಟ್ಟದಿಂದ ಧುಮುಕುವುದು, ಬೆಂಕಿಗೆ ಬೀಳುವುದು ಇವುಗಳಿಂದ ಪುಣ್ಯ ಬರುವುದೆಂದು ನಂಬುವುದನ್ನು ಸಮಂತಭದ್ರರು ಲೋಕಮೂಢತೆಯೆಂದು ನಿರಾಕರಿಸಿದ್ದಾರೆ. ದೇಹವು ಸುಟ್ಟುಹಾಕುವುದಕ್ಕಾಗಿ ಇರುವುದಲ್ಲ, ಧರ್ಮಸಾಧನೆಗಾಗಿ ಇರುವುದು. ಮಗನ ಹೊಣೆಯೂ ಆಕೆಯ ಮೇಲಿತ್ತು.

ಅತ್ತಿಮಬ್ಬೆಯು ಮೊದಲು ಹಿಡಿದುದು ವ್ರತದ ದಾರಿಯನ್ನು. ಕಠಿನವಾದ ನೋಂಪಿಗಳಿಂದ ಆಕೆಯ ಶರೀರವು ಕೃಶವಾಯಿತು. ತಂಗಿಯು ಒಮ್ಮೆಗೇ ದೇಹವನ್ನು ಬೆಂಕಿಗೆ ಒಪ್ಪಿಸಿದಳು, ಅಕ್ಕನು ಜಿನಮಾರ್ಗದ ತಪಸ್ಸಿನಲ್ಲಿ ಅದನ್ನು ದಿನದಿನವೂ ಸವೆಯಿಸಿದಳು. ಇಬ್ಬರಲ್ಲಿ ಒಬ್ಬರನ್ನೂ ಕಡಿಮೆಯೆಂದು ಎಣಿಸಲಾಗದೆಂಬುದು ರನ್ನಕವಿಯ ಭಾವನೆ. ಶ್ರವಣಬೆಳಗೊಳದ ಗೊಮ್ಮಟೇಶ್ವರನ ದರ್ಶನವಾಗುವವರೆಗೆ ಅನ್ನವನ್ನು ಮುಟ್ಟೆನೆಂದು ಆಕೆ ನಿಯಮ ತೊಟ್ಟುದು, ಬಳಲಿದ ದೇಹದಿಂದ ಬೆಟ್ಟವನ್ನೇರಿದಾಗ ಅಕಾಲದಲ್ಲಿ ಮಳೆ ಬಂದು ಆಯಾಸವನ್ನು ಕಳೆದುದು ಆಕೆಯ ಚರಿತ್ರೆಯಲ್ಲಿ ಬರುವ ಪ್ರಸಂಗ. ಚಾವುಂಡರಾಯನು ಆ ಮೂರ್ತಿಯನ್ನು ನಿಲ್ಲಿಸಿ ಆಗಿನ್ನೂ ಬಹುಕಾಲ ಕಳೆದಿರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಅತ್ತಿಮಬ್ಬೆಯು ಉಗ್ರವ್ರತಗಳನ್ನು ಆಚರಿಸಿದ ಒಬ್ಬ ಸಾಧ್ವಿಯಾಗಿ ಮಾತ್ರ ನೆನಪಿನಲ್ಲಿ ಉಳಿಯುತ್ತಿದ್ದಳು. ಶೋಕದಲ್ಲಿರುವವರ ಉಪವಾಸಕ್ಕೆ ಒಂದು ಅಪಾಯವೂ ಉಂಟು. ಅನ್ನದ ಮೇಲಿನ ನಿರಾಸೆಯೇ ವೈರಾಗ್ಯವೆಂದು ತೋರಬಹುದು. ದೇಹವು ಒಣಗಿದರೂ ದುಃಖವು ಒಣಗದೆ ಉಳಿಯಬಹುದು. ಅದರಲ್ಲಿ ಮನಸ್ಸು ಮತ್ತೆಮತ್ತೆ ತನ್ನ ಸುತ್ತಲೇ ಸುತ್ತುತ್ತದೆ. ಆರ್ತಧ್ಯಾನವನ್ನು ಬಿಡಿಸದ ಲಂಘನವು ವ್ರತವೆನಿಸುವುದಿಲ್ಲ. ಅತ್ತಿಮಬ್ಬೆಯು ಮೂರನೆಯ ಶಿಕ್ಷಾವ್ರತದಿಂದ ನಾಲ್ಕನೆಯದಕ್ಕೆ ಕಾಲಿಟ್ಟಳು. ತಾನು ತೊರೆದ ಸಂಪತ್ತೆಲ್ಲವೂ ಇತರರ ಕಡೆಗೆ ಹರಿಯುವಂತೆ ಮಾಡಿದಳು.

ಆಕೆಯ ದಾನಗಳಲ್ಲಿ ಮೊದಲು ಹೇಳಬೇಕಾದುದು ಶಾಸ್ತ್ರದಾನ. ತನ್ನ ತಂದೆ ಮತ್ತು ಚಿಕ್ಕಪ್ಪ ಬರೆಯಿಸಿದ್ದ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂದೂ, ರತ್ನಖಚಿತವಾದ ಸಾವಿರದ ಐನೂರು ಜಿನಬಿಂಬಗಳನ್ನು ಮಾಡಿಸಿ ಕೊಟ್ಟಳೆಂದೂ ಪರಂಪರೆಯು ಹೇಳುತ್ತದೆ. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ ಸಾವಿರ ಪ್ರತಿಯೆಂದರೆ ಎಂತಹ ಕಾರ್ಯವೆಂಬುದನ್ನು ಊಹಿಸಬೇಕು. ತಾಳೆಯ ಗರಿಗಳನ್ನು ತಂದು ಹದಗೊಳಿಸಿ, ಸಮನಾಗಿ ಕತ್ತರಿಸಿ, ಕಂಠದಿಂದ ಒಂದೊಂದೇ ಅಕ್ಷರವನ್ನು ಕೊರೆದು, ಕೊರೆದುದಕ್ಕೆ ಮಸಿ ತುಂಬಿ, ತಪ್ಪುಗಳನ್ನು ನೋಡಿ, ಗರಿಗಳನ್ನು ದಾರದಲ್ಲಿ ಪೋಣಿಸಿ ಕಟ್ಟು ಕಟ್ಟಬೇಕು. ಒಂದು ಮಹಾಕಾವ್ಯಕ್ಕೇ ಲಿಪಿಕಾರನ ಬಹುದಿನಗಳ ದುಡಿಮೆ ಬೇಕು. ಸಾವಿರಕ್ಕೆ ಎಷ್ಟೋ ಮಂದಿ ಲಿಪಿಕಾರರು, ಅವರಿಗೆಲ್ಲ ಅನ್ನವಸ್ತ್ರ ಬೇಕು. ಒಂದು ಮನೆಯ ಶೋಕದಿಂದ ಹುಟ್ಟಿದ ಕಾವ್ಯವು ಹೀಗೆ ನಾಡಿನ ಸೊತ್ತಾಯಿತು. ಯುದ್ಧದಲ್ಲಿ ಮಡಿದ ಚಿಕ್ಕಪ್ಪನ ಹೆಸರೂ, ಎಂದೋ ಅಗಲಿದ ಗುರುವಿನ ಹೆಸರೂ ಆ ಗರಿಗಳೊಡನೆ ಊರೂರಿಗೆ ಹೋದುವು.

ಹಳೆಯ ಕಾವ್ಯವನ್ನು ಕಾಪಾಡಿದಂತೆಯೇ ಹೊಸ ಕಾವ್ಯಕ್ಕೂ ಆಕೆ ಆಸರೆಯಾದಳು. ಮುದುವೊಳಲಿನ, ಎಂದರೆ ಇಂದಿನ ಮುಧೋಳದ, ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನು ಆಕೆಯ ಆಶ್ರಯದಲ್ಲಿ 993ರಲ್ಲಿ ಅಜಿತಪುರಾಣವನ್ನು ಮುಗಿಸಿದನು. ಅತ್ತಿಮಬ್ಬೆಯ ವಂಶವೂ ಗುಣಗಳೂ ಆ ಕಾವ್ಯದಲ್ಲಿ ವಿಸ್ತಾರವಾಗಿ ಬಂದಿವೆ. ದಾನಚಿಂತಾಮಣಿ ಎಂಬುದು ಆಕೆಗೆ ಸಂದ ಬಿರುದು. ಕವಿಯ ಕೃತಜ್ಞತೆಯು ಕಾವ್ಯದಲ್ಲಿಯೇ ಮುಗಿಯಲಿಲ್ಲ. ರನ್ನನು ತನ್ನ ಮಗನಿಗೆ ಚಾವುಂಡರಾಯನ ನೆನಪಿಗೆ ರಾಯನೆಂದೂ, ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟನು.

ತೈಲಪನ ತರುವಾಯ ಅವನ ಮಗ ಇರಿವಬೆಡಂಗ ಸತ್ಯಾಶ್ರಯನು ಆಳುತ್ತಿದ್ದಾಗ, 1007ರಲ್ಲಿ, ಲೊಕ್ಕಿಗುಂಡಿಯಲ್ಲಿ ಅತ್ತಿಮಬ್ಬೆಯು ಒಂದು ಜಿನಾಲಯವನ್ನು ಕಟ್ಟಿಸಿ ತನ್ನ ಗುರುಗಳಾದ ಅರ್ಹಣಂದಿ ಪಂಡಿತರಿಗೆ ಭೂಮಿಯನ್ನು ದತ್ತಿಯಾಗಿ ಕೊಟ್ಟಳು. ಆಗ ಮಗ ಪಡೆವಳ ತೈಲನು ಮಾಸವಾಡಿ ನಾಡಿನ ಅಧಿಕಾರದಲ್ಲಿದ್ದನು. ಗದಗ ಜಿಲ್ಲೆಯ ಲಕ್ಕುಂಡಿಯಲ್ಲಿ ಬ್ರಹ್ಮಜಿನಾಲಯವೆಂಬ ಹೆಸರಿನಿಂದ ಆ ಬಸದಿಯು ಇಂದಿಗೂ ನಿಂತಿದೆ. ಅಲ್ಲಿಯ ಶಾಸನವು ಆಕೆಯ ಮಹಿಮೆಗಳನ್ನು ಹೇಳುತ್ತದೆ: ಉಕ್ಕುತ್ತಿದ್ದ ಗೋದಾವರಿಯು ಆಕೆಗಾಗಿ ನಿಂತಿತು, ಮದವೇರಿದ ಆನೆಯು ತಲೆಬಾಗಿತು, ಹಬ್ಬಿದ ಬೆಂಕಿಯು ಆರಿತು, ನರ್ಮದೆಯಲ್ಲಿ ಕಳೆದುಹೋದ ಜಿನಬಿಂಬವು ಮರಳಿ ದೊರೆಯಿತು. ಇವುಗಳನ್ನು ಭಕ್ತರು ನಂಬುವರು, ವಿಮರ್ಶಕರು ಸಂಶಯಿಸುವರು. ಆದರೆ ಇವುಗಳಲ್ಲಿರುವ ಸಮಾನವಾದ ಅಂಶವೊಂದು ಇಬ್ಬರಿಗೂ ಒಪ್ಪಿಗೆಯಾಗತಕ್ಕದ್ದು. ನೀರು, ಆನೆ, ಬೆಂಕಿ ಮೂರೂ ಜನರ ಮೇಲೆ ಬರುವ ಆಪತ್ತುಗಳು. ಆಕೆಯ ಮುಂದೆ ಅವು ತಡೆದು ನಿಂತುವು. ತನ್ನ ಬಾಳಿನ ಅತಿದೊಡ್ಡ ಆಪತ್ತನ್ನು ತಡೆಯಲಾರದೆಹೋದ ಹೆಣ್ಣನ್ನು ನಾಡಿನ ಜನರು ಇತರರ ಆಪತ್ತನ್ನು ತಡೆಯುವವಳೆಂದು ಕಂಡರು.

ನೋಂಪಿಯು ದಾನದಲ್ಲಿ ಕೊನೆಗೊಳ್ಳಬೇಕೆಂಬ ಈ ತತ್ತ್ವವು ಅತ್ತಿಮಬ್ಬೆಯೊಡನೆ ಮುಗಿಯಲಿಲ್ಲ. ಮುಂದಿನ ಶತಮಾನಗಳಲ್ಲಿ ಶಾಂತಿಸೇನನ ಪತ್ನಿ ಮಲ್ಲಿಕಬ್ಬೆಯು ಶ್ರೀಪಂಚಮೀ ವ್ರತದ ಉಜ್ಜವಣೆಯಂದು ಮಹಾಧವಲ ಸಿದ್ಧಾಂತಗ್ರಂಥವನ್ನು ಪ್ರತಿಮಾಡಿಸಿ ಮಾಘಣಂದಿ ಮುನಿಗಳಿಗೆ ಅರ್ಪಿಸಿದಳು. ಆ ಗ್ರಂಥವು ತುಳುನಾಡಿನ ಮೂಡಬಿದಿರೆಯ ಬಸದಿಯಲ್ಲಿ ಶತಮಾನಗಳ ಕಾಲ ಸುರಕ್ಷಿತವಾಗಿ ಉಳಿದು ಲೋಕಕ್ಕೆ ದೊರೆಯಿತು. ಒಬ್ಬ ಗೃಹಿಣಿಯ ವ್ರತವೇ ಸಿದ್ಧಾಂತವನ್ನು ಕಾಪಾಡಿತು.

ಸುವರ್ಣಾ ನದಿಯು ಕಡಲನ್ನು ಸೇರುವ ಕೆಮ್ಮಣ್ಣಿನ ಕಡೆಯಲ್ಲಾಗಲಿ, ಕಾರ್ಕಳ, ವರಂಗ, ಮೂಡಬಿದಿರೆಗಳ ಬಸದಿಗಳ ನೆರಳಿನಲ್ಲಾಗಲಿ ನೋಂಪಿ ಹಿಡಿಯುವ ಶ್ರಾವಕ ಶ್ರಾವಕಿಯರಲ್ಲಿ ಆಪ್ತರನ್ನು ಕಳೆದುಕೊಂಡು ವ್ರತವನ್ನು ಮೊರೆಹೊಕ್ಕವರು ಇರದಿರಲಾರರು. ಅಂಥವರಿಗೆ ಅತ್ತಿಮಬ್ಬೆಯ ಜೀವನವು ದಾರಿದೀಪವಾಗಿದೆ. ಉಪವಾಸದ ದಿನ ಉಳಿದ ಅನ್ನವು ಹಸಿದವರ ಎಲೆಯನ್ನು ಸೇರಲಿ. ಪಾರಣೆಗೆ ಮುನ್ನ ರೋಗಿಯೊಬ್ಬನ ಬಾಗಿಲಿಗೆ ಹೋಗಿಬರುವ ನಿಯಮವಿರಲಿ. ಉಜ್ಜವಣೆಯ ವೆಚ್ಚದಲ್ಲಿ ಒಂದು ಪಾಲು ಓದುವ ಮಕ್ಕಳ ಪುಸ್ತಕಕ್ಕೆ ಸಲ್ಲಲಿ. ಅತ್ತಿಮಬ್ಬೆಯ ಸಂಪತ್ತು ಎಲ್ಲರಲ್ಲಿ ಇರುವುದಿಲ್ಲ. ಆದರೆ ಪ್ರೋಷಧದಿಂದ ವೈಯಾವೃತ್ಯಕ್ಕೆ ಆಕೆ ಇಟ್ಟ ಆ ಒಂದು ಹೆಜ್ಜೆಯನ್ನು ಇಡುವುದಕ್ಕೆ ಸಂಪತ್ತು ಬೇಕಾಗಿಲ್ಲ.