ಮಿನಕತಾ ಕುಮಗುಸು

ಮಿನಕತಾ ಕುಮಗುಸು (18 ಮೇ 1867 – 29 ಡಿಸೆಂಬರ್ 1941) ಜಪಾನಿನ ಪ್ರಕೃತಿ ವಿಜ್ಞಾನಿ ಹಾಗೂ ಜಾನಪದ ವಿದ್ವಾಂಸರು. ಲೋಳೆಶಿಲೀಂಧ್ರಗಳ (ಸ್ಲೈಮ್ ಮೋಲ್ಡ್) ಅಧ್ಯಯನಕ್ಕೆ ಹೆಸರಾದ ಇವರು, 20ನೆಯ ಶತಮಾನದ ಆರಂಭದಲ್ಲಿ ಜಪಾನ್ ಸರ್ಕಾರವು ಹಳ್ಳಿಗಳ ಶಿಂಟೋ ದೇಗುಲಗಳನ್ನು ವಿಲೀನಗೊಳಿಸಲು ಮುಂದಾದಾಗ ಅದರ ವಿರುದ್ಧ ಸುಮಾರು ಒಂದು ದಶಕ ಹೋರಾಡಿದರು. ಜಪಾನಿನ ಪರಿಸರ ಸಂರಕ್ಷಣೆಯ ಆದ್ಯರಲ್ಲಿ ಒಬ್ಬರೆಂದು ಇವರನ್ನು ಪರಿಗಣಿಸಲಾಗುತ್ತದೆ.

ಜನನ ಮತ್ತು ಹೆಸರು

ಕುಮಗುಸು ಅವರು ವಕಯಾಮ ನಗರದಲ್ಲಿ ಕಬ್ಬಿಣದ ಸಾಮಾನುಗಳ ವ್ಯಾಪಾರಿಯೊಬ್ಬರ ಮಗನಾಗಿ ಜನಿಸಿದರು. ಅವರ ಹೆಸರೇ ಒಂದು ದೇಗುಲದಿಂದ ಬಂದುದು. ಆ ಪ್ರದೇಶದಲ್ಲಿ ಮಗು ಹುಟ್ಟಿದಾಗ ಫುಜಿಶಿರೊ ದೇಗುಲಕ್ಕೆ ಹೋಗಿ, ಅಲ್ಲಿನ ಹಳೆಯ ಕರ್ಪೂರದ ಮರದಲ್ಲಿ ನೆಲೆಸಿರುವ ದೇವತೆಯ ಅನುಗ್ರಹದೊಂದಿಗೆ ಹೆಸರಿನ ಅಕ್ಷರವನ್ನು ಪಡೆಯುವ ಪದ್ಧತಿಯಿತ್ತು. 'ಕುಮ' ಎಂಬುದು ಕುಮನೊ ಯಾತ್ರಾಕ್ಷೇತ್ರವನ್ನೂ 'ಕುಸು' ಎಂಬುದು ಕರ್ಪೂರದ ಮರವನ್ನೂ ಸೂಚಿಸುತ್ತವೆ. ಬಾಲ್ಯದಲ್ಲಿ ತೀವ್ರವಾಗಿ ಕಾಯಿಲೆ ಬಿದ್ದಾಗಲೂ ಮನೆಯವರು ಅವರನ್ನು ಅದೇ ಮರದ ಬಳಿಗೆ ಕರೆದೊಯ್ದು ಹರಕೆ ಹೊತ್ತಿದ್ದರು. ಕರ್ಪೂರದ ಮರವನ್ನು ಕಂಡಾಗಲೆಲ್ಲ ತಮ್ಮಲ್ಲಿ ಮಾತಿಗೆ ನಿಲುಕದ ಭಾವವೊಂದು ಮೂಡುವುದೆಂದು ಅವರು ಮುಂದೆ ಬರೆದುಕೊಂಡಿದ್ದಾರೆ.

ವಿದ್ಯಾಭ್ಯಾಸ ಮತ್ತು ವಿದೇಶವಾಸ

ಬಾಲ್ಯದಿಂದಲೇ ಅಸಾಧಾರಣ ಸ್ಮರಣಶಕ್ತಿಯಿದ್ದ ಕುಮಗುಸು, ನೆರೆಹೊರೆಯವರ ಮನೆಯಲ್ಲಿದ್ದ 105 ಸಂಪುಟಗಳ ಸಚಿತ್ರ ವಿಶ್ವಕೋಶ 'ವಕನ್ ಸನ್‌ಸಾಯ್ ಜುಯೆ'ಯನ್ನು ಓದಿ, ಮನೆಗೆ ಬಂದು ನೆನಪಿನಿಂದಲೇ ನಕಲು ಮಾಡಿದರೆಂದು ಹೇಳಲಾಗುತ್ತದೆ. 1884ರಲ್ಲಿ ಟೋಕಿಯೊ ವಿಶ್ವವಿದ್ಯಾಲಯದ ಪೂರ್ವಸಿದ್ಧತಾ ಶಾಲೆಯನ್ನು ಸೇರಿದರು. ಮುಂದೆ ಕಾದಂಬರಿಕಾರರಾಗಿ ಪ್ರಸಿದ್ಧರಾದ ನತ್ಸುಮೆ ಸೊಸೆಕಿ ಅಲ್ಲಿ ಅವರ ಸಹಪಾಠಿ. ತರಗತಿಯ ಪಾಠಗಳಲ್ಲಿ ಆಸಕ್ತಿ ಉಳಿಯದೆ ಶಾಲೆ ಬಿಟ್ಟ ಅವರು ಅಮೆರಿಕಕ್ಕೆ ತೆರಳಿ, ಅಲ್ಲಿಂದ ಕ್ಯೂಬಾಕ್ಕೆ ಹೋಗಿ ಸಸ್ಯಗಳನ್ನು ಸಂಗ್ರಹಿಸಿದರು. 1892ರಲ್ಲಿ ಲಂಡನ್ ತಲುಪಿದರು. ಮರುವರ್ಷ 'ನೇಚರ್' ಪತ್ರಿಕೆಯಲ್ಲಿ ಪೂರ್ವದೇಶಗಳ ನಕ್ಷತ್ರಪುಂಜಗಳನ್ನು ಕುರಿತ ಅವರ ಲೇಖನ ಪ್ರಕಟವಾಯಿತು. ಬ್ರಿಟಿಷ್ ಮ್ಯೂಸಿಯಮ್‌ನ ವಾಚನಾಲಯದಲ್ಲಿ ವರ್ಷಗಟ್ಟಲೆ ಕುಳಿತು ಓದಿದರು. ಚೀನಾದ ನಾಯಕ ಸುನ್ ಯಾತ್ ಸೆನ್ ಅವರ ಸ್ನೇಹವೂ ಅಲ್ಲಿಯೇ ಬೆಳೆಯಿತು. ಜಗಳ ಮತ್ತು ಹೊಡೆದಾಟದ ಕಾರಣ ಅವರನ್ನು ವಾಚನಾಲಯದಿಂದ ಹೊರಹಾಕಲಾಯಿತು. 1900ರಲ್ಲಿ ಯಾವ ಪದವಿಯೂ ಇಲ್ಲದೆ ಸ್ವದೇಶಕ್ಕೆ ಮರಳಿದರು.

ಕೆಲಕಾಲ ಕುಮನೊ ಸೀಮೆಯ ನಾಚಿ ಕಾಡುಗಳಲ್ಲಿ ಶಿಲೀಂಧ್ರ, ಪಾಚಿಗಳನ್ನು ಸಂಗ್ರಹಿಸಿ, 1904ರಲ್ಲಿ ತನಾಬೆ ಪಟ್ಟಣದಲ್ಲಿ ನೆಲೆನಿಂತರು. 1906ರಲ್ಲಿ ಅಲ್ಲಿನ ತೋಕೇ ದೇಗುಲದ ಅರ್ಚಕರ ಮಗಳು ಮತ್ಸುಎ ಅವರನ್ನು ವಿವಾಹವಾದರು.

ದೇಗುಲಗಳ ವಿಲೀನ

ಜಪಾನಿನ ಹಳ್ಳಿಗಳಲ್ಲಿ ಜಿಂಜಾ, ಅಂದರೆ ಶಿಂಟೋ ದೇಗುಲ, ಕೇವಲ ಪೂಜಾಸ್ಥಳವಾಗಿರಲಿಲ್ಲ. ಹುಟ್ಟಿದ ಮಗುವನ್ನು ಸುಮಾರು ಒಂದು ತಿಂಗಳಾದಾಗ ಅಲ್ಲಿಗೆ ಕರೆದೊಯ್ದು ಊರದೇವರಿಗೆ ಒಪ್ಪಿಸಲಾಗುತ್ತಿತ್ತು. ನಾಟಿಯ ಪ್ರಾರ್ಥನೆ, ಸುಗ್ಗಿಯ ಹಬ್ಬ, ಊರಿನ ಸಭೆಗಳೆಲ್ಲ ಅದರ ಅಂಗಳದಲ್ಲಿಯೇ ನಡೆಯುತ್ತಿದ್ದವು. ಅನೇಕ ಸಣ್ಣ ದೇಗುಲಗಳಿಗೆ ಕಾಯಂ ಅರ್ಚಕರೂ ಇರಲಿಲ್ಲ. ಊರಿನ ಮನೆಯವರೇ ಸರದಿಯ ಪ್ರಕಾರ ದೇವರ ಕೆಲಸ ನೋಡಿಕೊಳ್ಳುತ್ತಿದ್ದರು. ದೇಗುಲದ ಸುತ್ತ ಕೊಡಲಿ ತಾಗದ ದೇವರಕಾಡು ಇರುತ್ತಿತ್ತು. ಕೆಲವೆಡೆ ದೇವಸ್ಥಾನವೆನ್ನಲು ಕಟ್ಟಡವೇ ಇರದೆ, ಕಾಡೇ ಗುಡಿಯಾಗಿತ್ತು.

1889ರಲ್ಲಿಯೇ ಸರ್ಕಾರ ಹಳೆಯ ಹಳ್ಳಿಗಳನ್ನು ಕೂಡಿಸಿ ದೊಡ್ಡ ಆಡಳಿತ ಗ್ರಾಮಗಳನ್ನು ರಚಿಸಿತ್ತು. 1906ರಲ್ಲಿ ಹೊರಡಿಸಿದ ರಾಜಾಜ್ಞೆಗಳ ಆಧಾರದ ಮೇಲೆ ಗೃಹ ಇಲಾಖೆಯು ಒಂದು ಆಡಳಿತ ಗ್ರಾಮಕ್ಕೆ ಒಂದು ದೇಗುಲ ಸಾಕೆಂಬ ನೀತಿಯನ್ನು ಜಾರಿಗೆ ತಂದಿತು. ಸಂಖ್ಯೆ ತಗ್ಗಿದರೆ ಉಳಿದ ದೇಗುಲಗಳಿಗೆ ಸ್ಥಳೀಯ ಬೊಕ್ಕಸದಿಂದ ಕಾಣಿಕೆ ಒದಗಿಸಿ, ಘನತೆಯಿಂದ ನಡೆಸಬಹುದೆಂಬುದು ಅದರ ವಾದ. ಎಷ್ಟು ಕಟ್ಟುನಿಟ್ಟಾಗಿ ಜಾರಿಗೊಳಿಸಬೇಕೆಂಬುದನ್ನು ಪ್ರಾಂತಗಳ ಅಧಿಕಾರಿಗಳಿಗೆ ಬಿಡಲಾಯಿತು. ಮಿಎ ಮತ್ತು ವಕಯಾಮ ಪ್ರಾಂತಗಳಲ್ಲಿ ಇದು ಅತ್ಯಂತ ಬಿರುಸಾಗಿ ನಡೆದು, ಮಿಎಯಲ್ಲಿ ಹತ್ತರಲ್ಲಿ ಒಂಬತ್ತರಷ್ಟು ದೇಗುಲಗಳು ಇಲ್ಲವಾದವು. 1914ರ ಹೊತ್ತಿಗೆ ದೇಶದ ಸುಮಾರು 2 ಲಕ್ಷ ದೇಗುಲಗಳ ಪೈಕಿ 70,000ದಷ್ಟು ಕಣ್ಮರೆಯಾಗಿದ್ದವು. ತೆರವಾದ ದೇಗುಲಗಳ ಮರಗಳು ಮಾರಾಟಕ್ಕೆ ಬಂದವು. ಭಕ್ತಿಯನ್ನು ಹೆಚ್ಚಿಸುವ ಹೆಸರಿನಲ್ಲಿ ಆರಂಭವಾದ ಯೋಜನೆಯಲ್ಲಿ ಮರದ ವ್ಯಾಪಾರಿಗಳೇ ಹೆಚ್ಚು ಆಸಕ್ತಿ ತೋರಿದ್ದು ಆಕಸ್ಮಿಕವಲ್ಲ.

ವಿರೋಧ

ತನಾಬೆಯ ಸಮೀಪದ ಇತೊದ ಎಂಬಲ್ಲಿ ವಾನರ ದೇವರ ಸಣ್ಣ ಗುಡಿಯಿತ್ತು. ಅದರ ಕಾಡಿನ ಮರವೊಂದರ ಮೇಲೆ ಕುಮಗುಸು ಅಪರೂಪದ ಲೋಳೆಶಿಲೀಂಧ್ರವೊಂದನ್ನು ಕಂಡುಕೊಂಡಿದ್ದರು. ಆ ಗುಡಿಯೂ ವಿಲೀನಗೊಂಡು ಮರಗಳು ಉರುಳಿದವು. 1909ರಿಂದ ಅವರು 'ಮುರೊ ಶಿಂಪೊ' ಎಂಬ ಸ್ಥಳೀಯ ಪತ್ರಿಕೆಯಲ್ಲಿ ಸತತವಾಗಿ ಬರೆಯತೊಡಗಿದರು.

ಅವರ ವಾದದ ಬಲವು ದಿನನಿತ್ಯದ ಸಂಗತಿಗಳಲ್ಲಿತ್ತು. ದೇಗುಲವು ಮೈಲುಗಟ್ಟಲೆ ದೂರವಾದರೆ ವೃದ್ಧರೂ ಕೂಸಿನ ತಾಯಂದಿರೂ ಅಲ್ಲಿಗೆ ಹೋಗಲಾರರು. ಹಬ್ಬ ನಿಂತರೆ ಊರಿನ ಸಣ್ಣ ವ್ಯಾಪಾರವೂ ನಿಲ್ಲುತ್ತದೆ. ಕಡಲತೀರದ ದೇವರಕಾಡು ಕಡಿದರೆ ಅದರ ನೆರಳಿಗೆ ಬರುವ ಮೀನು ದೂರ ಸರಿದು ಬೆಸ್ತರು ಬಡವಾಗುತ್ತಾರೆ. ಹಕ್ಕಿಗಳಿಲ್ಲದ ಊರಿನಲ್ಲಿ ಬೆಳೆಗೆ ಹುಳುಬಾಧೆ ಹೆಚ್ಚುತ್ತದೆ. ಜೀವಿಗಳ ಪರಸ್ಪರ ಸಂಬಂಧವನ್ನು ವಿವರಿಸಲು 1911ರಲ್ಲಿಯೇ ಅವರು 'ಇಕಾಲಜಿ' ಎಂಬ ಪದವನ್ನು ಬಳಸಿದರು.

ಹೋರಾಟದ ರೀತಿ ಮಾತ್ರ ಯಾವಾಗಲೂ ಸಂಯಮದ್ದಾಗಿರಲಿಲ್ಲ. 1910ರ ಆಗಸ್ಟ್‌ನಲ್ಲಿ ತನಾಬೆಯ ಶಾಲೆಯೊಂದರಲ್ಲಿ ನಡೆಯುತ್ತಿದ್ದ ಸಭೆಗೆ, ವಿಲೀನದ ಪರವಾಗಿದ್ದ ಅಧಿಕಾರಿಯನ್ನು ಕಾಣಲು ಕುಡಿದ ಅಮಲಿನಲ್ಲಿ ನುಗ್ಗಿ ಗಲಭೆ ಮಾಡಿದರು. 18 ದಿನ ಬಂಧನದಲ್ಲಿದ್ದರು. ಸೆರೆಯಲ್ಲಿಯೂ ಲೋಳೆಶಿಲೀಂಧ್ರವೊಂದನ್ನು ಪತ್ತೆ ಮಾಡಿದರು.

1911ರಲ್ಲಿ ಸಸ್ಯವಿಜ್ಞಾನಿ ಮತ್ಸುಮುರ ಜಿಂಜೊ ಅವರಿಗೆ ಬರೆದ ಎರಡು ದೀರ್ಘ ಪತ್ರಗಳನ್ನು, ಆಗ ಸರ್ಕಾರಿ ಅಧಿಕಾರಿಯಾಗಿದ್ದ ಜಾನಪದ ವಿದ್ವಾಂಸ ಯನಗಿತ ಕುನಿಯೊ ಅವರು ಮುದ್ರಿಸಿ ಗಣ್ಯರಿಗೆ ಹಂಚಿದರು. ಮರುವರ್ಷ ವಿಷಯ ಸಂಸತ್ತಿನಲ್ಲಿ ಪ್ರಸ್ತಾಪವಾಯಿತು. ಕ್ರಮೇಣ ವಿಲೀನದ ವೇಗ ತಗ್ಗಿ, 1920ರಲ್ಲಿ ಮೇಲ್ಮನೆಯು ಅದನ್ನು ನಿರುಪಯುಕ್ತವೆಂದು ನಿರ್ಣಯಿಸಿತು. ಅಷ್ಟರಲ್ಲಿ ಬಹುಪಾಲು ಹಾನಿ ಆಗಿಹೋಗಿತ್ತು. ತಂದೆಯ ಹುಟ್ಟೂರಿನ ಓಯಾಮ ದೇಗುಲವನ್ನು ಉಳಿಸಲು ಕುಮಗುಸು ವರ್ಷಗಟ್ಟಲೆ ಶ್ರಮಿಸಿದರೂ 1913ರಲ್ಲಿ ಅದು ವಿಲೀನಗೊಂಡಿತು.

ಕೊನೆಯ ವರ್ಷಗಳು

1917ರಲ್ಲಿ ತಮ್ಮ ಮನೆಯಂಗಳದ ಪರ್ಸಿಮನ್ ಮರದ ಮೇಲೆ ಕಂಡ ಲೋಳೆಶಿಲೀಂಧ್ರವನ್ನು ಇಂಗ್ಲೆಂಡಿನ ತಜ್ಞೆ ಗುಲಿಯೆಲ್ಮಾ ಲಿಸ್ಟರ್ ಅವರು ಹೊಸ ಕುಲವೆಂದು ಗುರುತಿಸಿ, 1921ರಲ್ಲಿ 'ಮಿನಕತೆಲ್ಲಾ' ಎಂದು ಹೆಸರಿಸಿದರು. 1929ರ ಜೂನ್ 1ರಂದು ಜೀವವಿಜ್ಞಾನದಲ್ಲಿ ಆಸಕ್ತಿಯಿದ್ದ ಚಕ್ರವರ್ತಿ ಹಿರೊಹಿತೊ ಅವರು ತನಾಬೆ ಕೊಲ್ಲಿಯ ಕಶಿಮಾ ದ್ವೀಪಕ್ಕೆ ಬಂದಾಗ ಕುಮಗುಸು ಅವರನ್ನು ಬರಮಾಡಿಕೊಂಡು, 110 ಲೋಳೆಶಿಲೀಂಧ್ರ ಮಾದರಿಗಳನ್ನು ಕ್ಯಾರಮೆಲ್ ಮಿಠಾಯಿಯ ರಟ್ಟಿನ ಪೆಟ್ಟಿಗೆಗಳಲ್ಲಿಟ್ಟು ಅರ್ಪಿಸಿದರು. ಆ ದ್ವೀಪದ ದೇಗುಲವೂ ಹಿಂದೆ ವಿಲೀನಗೊಂಡಿತ್ತು. ಕಾಡು ಮಾತ್ರ ಅವರ ಪ್ರಯತ್ನದಿಂದ ಉಳಿದಿತ್ತು.

1941ರ ಡಿಸೆಂಬರ್ 29ರಂದು ನಿಧನರಾದರು. ತನಾಬೆಯ ಕೋಜಾನ್‌ಜಿ ಬೌದ್ಧ ದೇವಾಲಯದಲ್ಲಿ ಅವರ ಸಮಾಧಿಯಿದೆ. ಎರಡನೆಯ ಮಹಾಯುದ್ಧದ ನಂತರ, ವಿಲೀನಗೊಂಡಿದ್ದ ಅನೇಕ ದೇಗುಲಗಳ ದೇವರನ್ನು ಊರವರು ಹಳೆಯ ಸ್ಥಳಗಳಿಗೆ ಮರಳಿ ತಂದರು. ಕುಮನೊ ಯಾತ್ರಾಮಾರ್ಗದ ನೊನಕದಲ್ಲಿ ಕುಮಗುಸು ಕಡಿಯಗೊಡದೆ ಕಾಯ್ದ, ಕೊಂಬೆಗಳೆಲ್ಲ ಒಂದೇ ದಿಕ್ಕಿಗೆ ಚಾಚಿರುವ ಹಳೆಯ ಸುಗಿ ಮರಗಳು ಸಣ್ಣ ದೇಗುಲವೊಂದರ ಪಕ್ಕದಲ್ಲಿ ಇಂದಿಗೂ ಇವೆ. ಈ ಯಾತ್ರಾಮಾರ್ಗವನ್ನು 2004ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಲಾಯಿತು.