ಮನ್ರೋ ಸಾಹೇಬ್ರ 33 ಅಡಿ ಸರಪಳಿ

ಬಳ್ಳಾರಿ: ಸಿರುಗುಪ್ಪ ಕಡೆಯವರಿಗೆ ಥಾಮಸ್ ಮನ್ರೋ ಅಂದ್ರೆ ಮೊದಲು ನೆನಪಾಗೋದು ಮಂತ್ರಾಲಯದ ರಾಯರ ಕಥೆ. ಆದರೆ ಸಾಹೇಬ್ರು ಈ ಸೀಮೆಗೆ ಬಂದದ್ದು ಕಂದಾಯಕ್ಕೆ, ಇಲ್ಲಿ ಮಾಡಿದ ದೊಡ್ಡ ಕೆಲಸ ಹೊಲ ಅಳೆಸಿದ್ದು.

1761ರ ಮೇ 27ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಹುಟ್ಟಿದರು. ತಂದೆ ತಂಬಾಕು ವ್ಯಾಪಾರಿ. ಅಮೆರಿಕದ ಯುದ್ಧದಿಂದ ಆ ವ್ಯಾಪಾರ ಮುಳುಗಿತು. ಮಗ ಕಂಪನಿ ಸೈನ್ಯ ಸೇರಿ 1780ರಲ್ಲಿ ಮದ್ರಾಸಿಗೆ ಬಂದರು. ಸೇಲಂ ಕಡೆಯ ಬಾರಾಮಹಲಿನಲ್ಲಿ ಭೂಮಿ ಅಳತೆಯ ಕೆಲಸ ಕಲಿತರು. 1800ರಲ್ಲಿ ನಿಜಾಮರು ಬಳ್ಳಾರಿ, ಅನಂತಪುರ, ಕಡಪ ಸೀಮೆಗಳನ್ನು ಕಂಪನಿಗೆ ಬಿಟ್ಟುಕೊಟ್ಟಾಗ ಈ ದತ್ತ ಮಂಡಲಕ್ಕೆ ಮನ್ರೋ ಅವರೇ ಮುಖ್ಯ ಕಲೆಕ್ಟರ್. ವರ್ಷಗಟ್ಟಲೆ ಡೇರೆಯಲ್ಲೇ ವಾಸ, ಊರೂರು ಸುತ್ತಾಟ.

ಕುರುಗೋಡಿನಲ್ಲಿ ಸಿಂದರು ಆಳುತ್ತಿದ್ದ ಕಾಲದ ಕನ್ನಡ ಶಾಸನಗಳಲ್ಲಿ ಭೂಮಿಯ ಲೆಕ್ಕ ಮತ್ತರಿನಲ್ಲಿರುತ್ತಿತ್ತು. ಅಳೆಯುವ ಕೋಲೇ ಊರಿಗೊಂದು ಥರ! ಮನ್ರೋ 1802ರಲ್ಲಿ ನಾಲ್ಕೇ ಜನ ಗುಮಾಸ್ತರಿಂದ ಸರ್ವೆ ಶುರು ಮಾಡಿಸಿದರು, ಎಲ್ಲರ ಕೈಗೂ ಒಂದೇ ಅಳತೆಯ ಸರಪಳಿ, 33 ಅಡಿಯದು. ನಾಲ್ಕೂ ಬದಿ ಒಂದೊಂದು ಸರಪಳಿ ಇರುವ ಚೌಕ 1,089 ಚದರ ಅಡಿ, ಅದೇ ಒಂದು ಗುಂಟೆ. ಅಂಥ 40 ಸೇರಿದರೆ 43,560 ಚದರ ಅಡಿ, ಒಂದು ಎಕರೆ. ನಮ್ಮ ಕಡೆ ಬಳಸುವ ಸೆಂಟ್ಸ್ ಲೆಕ್ಕದಲ್ಲಿ ಎರಡೂವರೆ ಸೆಂಟಿಗೆ ಒಂದು ಗುಂಟೆ. ಮೂವತ್ತು-ನಲವತ್ತರ ಸೈಟು ಗುಂಟೆಗಿಂತ 111 ಚದರ ಅಡಿ ಮಾತ್ರ ಹೆಚ್ಚು.

ಸರಪಳಿ ಒಂದಡಿ ಗಿಡ್ಡ ಇದ್ದರೆ ಏನಾಗುತ್ತೆ ನೋಡಿ. 32 ಅಡಿ ಚೌಕ ಅಂದರೆ 1,024 ಚದರ ಅಡಿ. 40 ಗುಂಟೆಯ ಹೊಲ ಕಾಗದದ ಮೇಲೆ ನಲವತ್ತೆರಡೂವರೆ ಗುಂಟೆ ಆಗುತ್ತೆ. ಇಲ್ಲದ ಎರಡೂವರೆ ಗುಂಟೆಗೆ ರೈತ ವರ್ಷ ವರ್ಷ ಕಂದಾಯ ಕಟ್ಟಬೇಕು. ಸರಪಳಿಯನ್ನು ಬಿಗಿಯಾಗಿ ಹಿಡಿಯದೆ ಜೋತುಬಿಟ್ಟರೂ ಇದೇ ಗತಿ. ಅದಕ್ಕೇ ಅಳೆದದ್ದನ್ನು ಮತ್ತೆ ಅಳೆದು ನೋಡುವವರನ್ನೂ ಇಟ್ಟಿದ್ದರು.

ಅಳತೆ ಸರಿಯಾದರೂ ದರ ಭಾರವಾಗಿತ್ತು. 1807ರಲ್ಲಿ ಊರು ಬಿಡುವ ಮುಂಚೆ ಕಂದಾಯವನ್ನು ಶೇ 25ರಷ್ಟು ಇಳಿಸಿ ಎಂದು ಮನ್ರೋ ಬರೆದರು. ಸರ್ಕಾರ ಒಪ್ಪಲಿಲ್ಲ, ಹಳ್ಳಿಗಳನ್ನೇ ಗುತ್ತಿಗೆಗೆ ಕೊಟ್ಟಿತು. 1820ರಲ್ಲಿ ಮನ್ರೋ ಮದ್ರಾಸಿನ ಗವರ್ನರ್ ಆದರು, ಆಗ ರೈತವಾರಿ ಪದ್ಧತಿ ಮರಳಿತು, ದರವೂ ಇಳಿಯಿತು.

ಕೆಲಸ ಬಿಟ್ಟು ತಮ್ಮ ದೇಶಕ್ಕೆ ಹೊರಡುವ ಮುಂಚೆ ಹಳೇ ಸೀಮೆ ನೋಡಲು ಬಂದಿದ್ದ ಮನ್ರೋ, 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡರು. ಗುತ್ತಿಯಲ್ಲಿ ಮಣ್ಣು ಮಾಡಿ, ಆಮೇಲೆ ದೇಹವನ್ನು ಮದ್ರಾಸಿಗೆ ಒಯ್ದರು.