ಇರುವೆಯಲ್ಲದ ಇರುವೆ ಮತ್ತು ಕಾರ್ಲ್ ಲಿನೇಯಸ್

ಮಕ್ಕಳೇ, ನಂಜನಗೂಡಿನ ಬಳಿ ಹರಿಯುವ ಕಪಿಲೆ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತಾಳೆ. ಹೊಳೆಯ ದಡದ ಮರಳು ಮಿಶ್ರಿತ ಒಣನೆಲದಲ್ಲಿ ಒಂಟಿಯಾಗಿ ಓಡಾಡುವ, ಮೈತುಂಬ ಮಖಮಲ್ಲಿನಂಥ ಕೂದಲಿರುವ 'ಇರುವೆ'ಯನ್ನು ನೀವು ನೋಡಿರಬಹುದು. ಇದನ್ನು ವೆಲ್ವೆಟ್ ಇರುವೆ ಎನ್ನುತ್ತಾರೆ. ಆದರೆ ಇದು ಇರುವೆಯೇ ಅಲ್ಲ, ರೆಕ್ಕೆಯಿಲ್ಲದ ಹೆಣ್ಣು ಕಣಜ! ರೆಕ್ಕೆಯೇ ಇಲ್ಲದ ಹುಳು ಕಣಜಗಳ ಸಾಲಿಗೆ ಸೇರಿದ್ದು ಹೇಗೆ? ಇದನ್ನು ತಿಳಿಯಲು ಕಾರ್ಲ್ ಲಿನೇಯಸ್ ಅವರ ಜೀವನವನ್ನು ನೋಡೋಣ.

ಲಿನೇಯಸ್ ಹುಟ್ಟಿದ್ದು 1707ರ ಮೇ 23ರಂದು, ಸ್ವೀಡನ್ ದೇಶದ ರಾಶುಲ್ಟ್ ಎಂಬ ಹಳ್ಳಿಯಲ್ಲಿ. ತಂದೆ ಪಾದ್ರಿ. ಅವರಿಗೆ ಹೂದೋಟದ ಹುಚ್ಚು. ಮಗನೂ ಪಾದ್ರಿಯಾಗಲಿ ಎಂದು ತಂದೆಯ ಆಸೆ. ಹುಡುಗನಿಗೋ ಗಿಡಗಳ ಮೇಲೇ ಗಮನ. ಈತ ಪಾದ್ರಿಯಾಗಲು ತಕ್ಕವನಲ್ಲ ಎಂದು ಶಿಕ್ಷಕರು ದೂರಿದರು. ಆಗ ರೋಥ್‌ಮನ್ ಎಂಬ ವೈದ್ಯರು ಅವನ ಆಸಕ್ತಿಯನ್ನು ಗುರುತಿಸಿ ಬೆಂಬಲಿಸಿದರು.

ಬಡತನದಲ್ಲೇ ಓದಿದ ಲಿನೇಯಸ್ 1732ರಲ್ಲಿ ಉತ್ತರದ ಲ್ಯಾಪ್‌ಲ್ಯಾಂಡಿಗೆ ಹೋಗಿ ಗಿಡಗಳನ್ನು ಸಂಗ್ರಹಿಸಿದರು. 1735ರಲ್ಲಿ ಹಾಲೆಂಡಿನಲ್ಲಿ ವೈದ್ಯ ಪದವಿ ಪಡೆದರು. ರಸಬಾಳೆಯ ಊರಾದ ನಂಜನಗೂಡಿನ ಮಕ್ಕಳಿಗೆ ಒಂದು ಸ್ವಾರಸ್ಯ: ಆ ಚಳಿಯ ನಾಡಿನ ಗಾಜಿನ ಮನೆಯೊಂದರಲ್ಲಿ ಅವರು ಬಾಳೆಗಿಡ ಹೂ ಬಿಡುವಂತೆ ಮಾಡಿ, 1736ರಲ್ಲಿ ಅದರ ಬಗ್ಗೆ ಪುಸ್ತಕವನ್ನೇ ಬರೆದರು. 1741ರಲ್ಲಿ ಉಪ್ಸಾಲಾ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾದರು.

ಆ ಕಾಲದಲ್ಲಿ ಒಂದು ಜೀವಿಯ ಹೆಸರು ಒಂದು ಸಾಲಿನಷ್ಟು ಉದ್ದವಿರುತ್ತಿತ್ತು. ಲಿನೇಯಸ್ ಪ್ರತಿ ಜೀವಿಗೂ ಎರಡೇ ಪದಗಳ ಹೆಸರು ಕೊಟ್ಟರು. ಮೊದಲನೆಯದು ಜಾತಿ, ಎರಡನೆಯದು ಪ್ರಭೇದ. 1753ರಲ್ಲಿ ಸಸ್ಯಗಳಿಗೆ, 1758ರಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಪ್ರಾಣಿಗಳಿಗೆ ಹೀಗೆ ಹೆಸರಿಟ್ಟರು.

ಕೀಟಗಳನ್ನು ಅವರು ರೆಕ್ಕೆಗಳ ಆಧಾರದ ಮೇಲೆ ಗುಂಪು ಮಾಡಿದರು. ರೆಕ್ಕೆಯಿಲ್ಲದ ಹೇನು, ಚಿಗಟಗಳಿಗೆ ಬೇರೆಯೇ ಗುಂಪು. ಈ ನಿಯಮದಂತೆ ವೆಲ್ವೆಟ್ ಇರುವೆಯೂ ಅಲ್ಲಿಗೇ ಹೋಗಬೇಕಿತ್ತು. ಆದರೆ ಲಿನೇಯಸ್ ರೆಕ್ಕೆಯೊಂದನ್ನೇ ನೋಡಲಿಲ್ಲ. ಮೈಯ ರಚನೆಯನ್ನೂ ಒಳಗೆ ಅಡಗಿರುವ ಕೊಂಡಿಯನ್ನೂ ಗಮನಿಸಿದರು. ಅದಕ್ಕೆ 'ಮ್ಯುಟಿಲಾ' ಎಂದು ಹೆಸರಿಟ್ಟು ಜೇನು, ಕಣಜ, ಇರುವೆಗಳ ಗುಂಪಿನಲ್ಲಿ ಸೇರಿಸಿದರು. ಅದು ಸರಿಯಾಗಿತ್ತು.

ತಪ್ಪೂ ಆಯಿತು. ರೆಕ್ಕೆಯಿಲ್ಲದ ಇನ್ನೊಂದು ಚಿಕ್ಕ ಕಣಜವನ್ನೂ ಅವರು ಮ್ಯುಟಿಲಾ ಎಂದೇ ಕರೆದರು. ಅದು ಬೇರೊಂದು ಕುಟುಂಬದ್ದೆಂದು ನಂತರದ ವಿಜ್ಞಾನಿಗಳು ಕಂಡುಕೊಂಡು ಅದನ್ನು 'ಜೆಲಿಸ್' ಎಂಬ ಜಾತಿಗೆ ಸೇರಿಸಿದರು.

ಸತ್ತ ಮಾದರಿಗಳು ಹೇಳದ ಸಂಗತಿಗಳನ್ನು ಜೀವಂತ ಹುಳುಗಳು ತಿಳಿಸಿದವು. ಹೆಣ್ಣು ನೆಲ ಕೆದಕಿ ಬೇರೆ ಕಣಜ ಅಥವಾ ಜೇನಿನ ಗೂಡನ್ನು ಹುಡುಕುತ್ತದೆ. ಅಲ್ಲಿ ಬೆಳೆದ ಮರಿಹುಳು ಅಥವಾ ಕೋಶದ ಬಳಿ ಮೊಟ್ಟೆಯಿಡುತ್ತದೆ. ಮೊಟ್ಟೆಯಿಂದ ಬಂದ ಮರಿ ಅದನ್ನೇ ತಿಂದು ಬೆಳೆಯುತ್ತದೆ. ಹೀಗಾಗಿ ಇದು ಪರೋಪಜೀವಿ. ಗಂಡಿಗೆ ರೆಕ್ಕೆಗಳಿವೆ, ಆದರೆ ಕೊಂಡಿಯಿಲ್ಲ. ಗಂಡು ಹೆಣ್ಣು ಇಷ್ಟು ಭಿನ್ನವಾಗಿರುವುದರಿಂದ ಒಂದೇ ಪ್ರಭೇದಕ್ಕೆ ಎರಡು ಹೆಸರು ಬಿದ್ದದ್ದೂ ಉಂಟು. ಎಷ್ಟೋ ಪ್ರಭೇದಗಳಲ್ಲಿ ಯಾವ ಹೆಣ್ಣಿಗೆ ಯಾವ ಗಂಡು ಎಂಬುದು ಇಂದಿಗೂ ಗೊತ್ತಾಗಿಲ್ಲ.

ಲಿನೇಯಸ್ ಭಾರತಕ್ಕೆ ಬರಲಿಲ್ಲ. ಅವರ ಶಿಷ್ಯ ಕೋನಿಗ್ 1768ರಲ್ಲಿ ತಮಿಳುನಾಡಿನ ತರಂಗಂಬಾಡಿಗೆ ಬಂದು ಇಲ್ಲಿನ ಗಿಡಗಳನ್ನು ಅಧ್ಯಯನ ಮಾಡಿದರು. ಲಿನೇಯಸ್ 1778ರ ಜನವರಿ 10ರಂದು ತೀರಿಕೊಂಡರು. ಅವರ ಸಂಗ್ರಹ ಈಗ ಲಂಡನ್ನಿನ ಲಿನಿಯನ್ ಸೊಸೈಟಿಯಲ್ಲಿದೆ.

ಮಕ್ಕಳೇ, ವೆಲ್ವೆಟ್ ಇರುವೆ ಕಂಡರೆ ಕೈಯಿಂದ ಮುಟ್ಟಬೇಡಿ, ಅದರ ಕುಟುಕು ಬಹಳ ನೋವು ಕೊಡುತ್ತದೆ. ತುಳಿದು ಕೊಲ್ಲಲೂ ಬೇಡಿ. ದೂರ ನಿಂತು ನೋಡಿ. ಯಾವ ದಿನ, ಯಾವ ಹೊತ್ತು, ಎಂಥ ನೆಲ, ಎಲ್ಲಿ ಕೆದಕಿತು ಎಂದು ಬರೆದಿಟ್ಟು ನಿಮ್ಮ ಶಿಕ್ಷಕರಿಗೆ ತೋರಿಸಿ. ಲಿನೇಯಸ್ ಆರಂಭಿಸಿದ ಕೆಲಸ ಇನ್ನೂ ಮುಗಿದಿಲ್ಲ.